ಒಂದು ತಲೆ ಹೆಚ್ಚು

ವಾಟರ್ ಪಾರ್ಕಿನ ಪ್ರವಾಸಕ್ಕೆ ಅವನ ಜೊತೆ ಹೋಗುವುದಿಲ್ಲ ಎಂದು ಪಾದ್ರಿಗಳಿಗೆ ಮೂರು ಸಲ ಹೇಳಿದೆ. ಅವರು ಮೂರು ಸಲವೂ ತಲೆಯಾಡಿಸಿ, ನಾಲ್ಕನೆಯ ಸಲ ಇಪ್ಪತ್ತನಾಲ್ಕು ಮಕ್ಕಳ ಪಟ್ಟಿಯನ್ನು ನನ್ನ ಕೈಗೆ ತುರುಕಿದರು.

"ಹುಡುಗೀರ ಜೊತೆ ಒಬ್ಬ ಹೆಂಗಸು ಇರ್ಲೇಬೇಕಮ್ಮ. ಹುಡುಗರನ್ನ ಕ್ವಾಯರ್ ಮೇಷ್ಟ್ರು ನೋಡ್ಕೋತಾರೆ. ನೀವಿಬ್ರೂ ಒಂದು ದಿನ ಮಾತಾಡದೇ ಇದ್ರೂ ಪರವಾಗಿಲ್ಲ."

"ಎರಡು ವರ್ಷದಿಂದ ಅದೇ ಮಾಡ್ತಿದ್ದೀವಿ, ಫಾದರ್."

ಹಾಗಾಗಿ ಶನಿವಾರ ಬೆಳಿಗ್ಗೆ ಏಳಕ್ಕೆ, ಯುವಕೂಟದ ಹಳದಿ ಟೀ ಶರ್ಟ್ ತೊಟ್ಟು ಚರ್ಚಿನ ಅಂಗಳದಲ್ಲಿ ಬಸ್ಸಿನ ಪಕ್ಕ ನಿಂತಿದ್ದೆ. ಅವನೂ ಅದೇ ಹಳದಿಯಲ್ಲಿ ಬಂದ. ಹಾಳಾದವನಿಗೆ ಹಳದಿಯೂ ಒಪ್ಪುತ್ತದೆ.

ವಾರವೆಲ್ಲ ಅವನು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುತ್ತಾನೆ, ಭಾನುವಾರ ಚರ್ಚಿನ ಹಾಡುಗಾರರ ತಂಡವಾದ ಕ್ವಾಯರ್ ನಡೆಸುತ್ತಾನೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಒಂದು ಕಾಲದಲ್ಲಿ ನಮ್ಮ ಮದುವೆಯ ಮಾತು ಎರಡೂ ಮನೆಗಳಲ್ಲಿ ನಡೆದಿತ್ತು. ಆಗ ಅವನು ನನಗೆ 'ನೀನು' ಆಗಿದ್ದ. ಈಗ 'ನೀವು'. ಆ ಮರ್ಯಾದೆಯಲ್ಲಿ ನಾನು ಹಾಕುವ ವಿಷ ಅವನಿಗೆ ಚೆನ್ನಾಗಿ ತಿಳಿಯುತ್ತದೆ.

ಕ್ವಾಯರಿನಲ್ಲಿ ಅವನದೊಂದು ನಿಯಮ: ಅಭ್ಯಾಸಕ್ಕೆ ತಡವಾಗಿ ಬಂದವರು ಆ ದಿನ ಹಾಡುವಂತಿಲ್ಲ. ಎರಡು ವರ್ಷದ ಹಿಂದೆ, ನಾನು ಒಬ್ಬಳೇ ಹಾಡಬೇಕಿದ್ದ ಭಾನುವಾರ, ಹಾಸಿಗೆ ಹಿಡಿದಿದ್ದ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದೆ. ಹನ್ನೆರಡು ನಿಮಿಷ ತಡವಾಯಿತು. ನನ್ನ ಹಾಡನ್ನು ಅವನು ಬೇರೊಬ್ಬಳಿಗೆ ಕೊಟ್ಟ. ಅಮ್ಮ ಎದುರು ಸಾಲಿನಲ್ಲಿ ಕೂತು ಇನ್ಯಾರದೋ ಮಗಳ ದನಿ ಕೇಳಿದಳು. ಮತ್ತೆ ಅವಳು ಚರ್ಚಿಗೆ ಬರುವಂತಾಗಲಿಲ್ಲ. ನಾಲ್ಕು ತಿಂಗಳಿಗೆ ಹೋಗಿಬಿಟ್ಟಳು.

ನಾನು ಮದುವೆಯನ್ನೂ ಬಿಟ್ಟೆ, ಹಾಡನ್ನೂ ಬಿಟ್ಟೆ. ನನಗೆ ಬೇಕಿದ್ದದ್ದು 'ತಪ್ಪಾಯ್ತು' ಎಂಬ ಒಂದೇ ಮಾತು. ಅವನ ಬಾಯಿಂದ ಏಳು ಸ್ವರವೂ ಬರುತ್ತವೆ, ಅದೊಂದು ಬರುವುದಿಲ್ಲ.

ಬಸ್ ಹತ್ತುವ ಮೊದಲು ನಾನು ಒಂದೊಂದೇ ಮಗುವಿನ ಮಣಿಕಟ್ಟಿನ ಮೇಲೆ ಪೆನ್ನಿನಿಂದ ನನ್ನ ಫೋನ್ ನಂಬರ್ ಬರೆದೆ. ನೀರಾಟದಲ್ಲಿ ಒದ್ದೆಯಾಗುತ್ತವೆಂದು ಅವರ ಫೋನುಗಳನ್ನೆಲ್ಲ ಚೀಲಕ್ಕೆ ಹಾಕಿಸಿದ್ದೆವು.

"ಇವರೇನು ರಕ್ತದ ಬಾಟ್ಲಿಗಳಾ?" ಎಂದ ಅವನು.

"ಲೇಬಲ್ ಇಲ್ಲದ್ದು ನಮ್ಮ ಲ್ಯಾಬಲ್ಲಿ ಕಸದ ಬುಟ್ಟಿಗೆ ಹೋಗುತ್ತೆ. ನಿಮ್ಮ ಕೈಗೂ ಬರೀಲಾ?"

ಅವನು ನಿಜವಾಗಿಯೂ ಕೈ ಚಾಚಿದ. ಹಿಂದೆ ಸರಿದರೆ ಸೋತಂತೆ. ಹಿಡಿದೆ. ದಿನಕ್ಕೆ ಐವತ್ತು ಕೈ ಹಿಡಿಯುವವಳು ನಾನು, ಈ ಕೈಯನ್ನು ಮಾತ್ರ ಯಾಕೋ ಅವಸರದಲ್ಲಿ ಬಿಟ್ಟೆ. ಅಷ್ಟರಲ್ಲಿ ಬರೆದಾಗಿತ್ತು: 'ಸಿಕ್ಕಿದವರು ಇಟ್ಟುಕೊಳ್ಳಿ.'

ಅವನು ಓದಿದ. ನಗು ತಡೆಯಲು ಕೆಳದುಟಿ ಕಚ್ಚಿಕೊಂಡ. ಆ ಅಭ್ಯಾಸ ನನಗೆ ಗೊತ್ತು. ಗೊತ್ತಿರುವುದೇ ನನ್ನ ಕರ್ಮ.

ಪಾರ್ಕಿನಲ್ಲಿ ಮಕ್ಕಳು ನಮ್ಮಿಬ್ಬರನ್ನು ಜೈಂಟ್ ವೀಲಿನ ಒಂದೇ ತೊಟ್ಟಿಲಿಗೆ ತಳ್ಳಿ ಬಾಗಿಲು ಹಾಕಿಸಿದರು. ಅದು ಮೇಲೆ ಹೋಗಿ, ಬೇಕೆಂದೇ ಎಂಬಂತೆ ತುತ್ತತುದಿಯಲ್ಲಿ ನಿಂತಿತು. ಎತ್ತರ ಕಂಡರೆ ಅವನ ಜೀವ ಹೋಗುತ್ತದೆ. ಸರಳು ಹಿಡಿದ ಬೆರಳುಗಳೆಲ್ಲ ಬಿಳುಚಿದ್ದವು.

"ಕೆಳಗೆ ನೋಡ್ಬೇಡಿ," ಎಂದ. ನನಗೋ, ತನಗೋ.

"ನಿಮ್ಮ ಮುಖ ನೋಡೋದಕ್ಕಿಂತ ಕೆಳಗೆ ನೋಡೋದೇ ವಾಸಿ."

ಗಾಳಿಗೆ ತೊಟ್ಟಿಲು ಓಲಾಡಿತು. ಅವನು ಕಣ್ಣು ಮುಚ್ಚಿ ತೆರೆದ. ತೆರೆದವನು ನೇರ ನನ್ನನ್ನೇ ನೋಡಿದ, ಮಾತಿನ ತುದಿಗೆ ಬಂದವನಂತೆ. ನಾನೇ ದಾರಿ ಮಾಡಿಕೊಟ್ಟೆ. "ಏನಾದ್ರೂ ಹೇಳೋದಿದ್ಯಾ?"

"ಬೆಲ್ಟ್ ಸರಿಯಾಗಿ ಹಾಕ್ಕೊಳ್ಳಿ."

ಅಲ್ಲಿಂದಲೇ ಅವನನ್ನು ನೂಕಿಬಿಡಬಹುದಿತ್ತು. ಮಕ್ಕಳು ನೋಡುತ್ತಿದ್ದರೆಂದು ಬಿಟ್ಟೆ.

ಸಂಜೆ ಐದೂವರೆಗೆ ಬಸ್ ಹತ್ತಿಸಿದೆವು. ಅವನ ಅಪ್ಪಣೆಯಂತೆ ಮಕ್ಕಳು ಕ್ವಾಯರಿನ ಸಾಲಿನಲ್ಲೇ ಕೂರಬೇಕು. ನಾನು ಪಟ್ಟಿ ತೆಗೆದು ಹೆಸರು ಕೂಗಲು ಹೊರಟೆ.

"ನಿಮ್ಮ ಹಾಜರಿ ಮುಗಿಯೋಷ್ಟರಲ್ಲಿ ನಾಳೆ ಆರಾಧನೆ ಶುರುವಾಗುತ್ತೆ. ನಾನು ಎಣಿಸ್ತೀನಿ ಬಿಡಿ," ಎಂದ.

"ಎಣಿಸಿ. ದೊಡ್ಡ ಮನುಷ್ಯರು."

ಎಡವಲಿ, ಆಗ ತಿಳಿಯುತ್ತದೆ ಎಂದುಕೊಂಡು ಪಟ್ಟಿ ಮಡಚಿದೆ. ಕಾಲು ಸೋತಿದ್ದವು. ಮುಂದೆ ಹುಡುಗಿಯರ ಸಾಲಿನಲ್ಲಿ ಒಂದು ಸೀಟು ಖಾಲಿ ಕಂಡಿತು, ಕೂತೆ. ಅವನು ಬಾಗಿಲ ಬಳಿ ನಿಂತು ಸಾಲುಸಾಲಾಗಿ ಬೆರಳಾಡಿಸಿದ. "ಇಪ್ಪತ್ನಾಲ್ಕು. ಹೊರಡಿ."

ಹತ್ತು ನಿಮಿಷ ಕಳೆದಿರಬೇಕು. ನನ್ನ ಫೋನ್ ಹೊಡೆದುಕೊಂಡಿತು.

"ಅಕ್ಕಾ, ನಾನು ಗುಬ್ಬಚ್ಚಿ. ಬಟ್ಟೆ ಬದಲಾಯಿಸಿ ಹೊರಗೆ ಬಂದ್ರೆ ಬಸ್ಸೇ ಇಲ್ಲ. ಗೇಟಿನ ಅಂಕಲ್ ಫೋನಿಂದ ಮಾಡ್ತಿದ್ದೀನಿ. ಕೈ ಮೇಲಿನ ನಂಬರ್ ನೋಡ್ಕೊಂಡು."

ಗುಬ್ಬಚ್ಚಿ ಎಂದರೆ ಕ್ವಾಯರಿನ ಅತಿ ಚಿಕ್ಕವಳು, ಹದಿಮೂರು ವರ್ಷ. ನಾನು ಕೂತಿದ್ದದ್ದು ಅವಳ ಸೀಟಿನಲ್ಲಿ. ಮೊದಲ ಸಾಲಿನ ಮೂರನೆಯ ಜಾಗ. ಎರಡು ವರ್ಷದ ಹಿಂದೆ, ಕ್ವಾಯರಿನಲ್ಲಿ, ನನ್ನ ಜಾಗ.

"ಬಸ್ ತಿರುಗಿಸಿ!" ಎಂದು ಕಿರುಚಿದೆ.

ಹಿಂದಿರುಗುವ ಅಷ್ಟೂ ಹೊತ್ತು ನಾನು ಫೋನ್ ಇಡಲಿಲ್ಲ. ಅವನು ಮೆಟ್ಟಿಲ ಮೇಲೆ ನಿಂತೇ ಇದ್ದ. ಬಸ್ ನಿಲ್ಲುವ ಮೊದಲೇ ಹಾರಿ ಓಡಿದ. ಗುಬ್ಬಚ್ಚಿ ಕಾವಲುಗಾರನ ಕುರ್ಚಿಯ ಮೇಲೆ ಕಾಲಾಡಿಸುತ್ತ ಪಾಪ್‌ಕಾರ್ನ್ ತಿನ್ನುತ್ತಿದ್ದಳು. ಅವಳು ಅಳಲಿಲ್ಲ. ಅವಳ ಮುಂದೆ ಮೊಣಕಾಲೂರಿದವನ ಕಣ್ಣು ಮಾತ್ರ ಕೆಂಪಾಗಿತ್ತು.

ಎಲ್ಲರೂ ಹತ್ತಿದ ಮೇಲೆ ಅವನು ಬಸ್ಸಿನೊಳಗೆ ಎಲ್ಲರ ಮುಂದೆ ನಿಂತ.

"ಈ ಮಗೂನ ಬಿಟ್ಟುಹೋಗಿದ್ದು ನಾನು. ಎಣಿಸಿದ್ದೂ ನಾನೇ. ಒಬ್ಬರನ್ನ ಹೆಚ್ಚಿಗೆ ಎಣಿಸಿದೆ."

"ಯಾರನ್ನ ಸರ್?" ಹಿಂದಿನಿಂದ ಒಬ್ಬಳು ಕೇಳಿದಳು.

ಅವನು ತಲೆ ತಗ್ಗಿಸಿದ. "ಅಕ್ಕನ್ನ. ಅವರು ಆ ಜಾಗದಲ್ಲಿ ಕೂತಿದ್ದು ನೋಡಿ, ಎಲ್ಲಾ ಸರಿಯಾಗಿದೆ ಅನ್ನಿಸ್ಬಿಡ್ತು."

ಬಸ್ಸಿಗೆ ಬಸ್ಸೇ "ಓಹೋ" ಎಂದಿತು. ನನ್ನ ಕಿವಿ ಕಾದವು. ಸಿಟ್ಟು ಬಂತು, ಸಿಟ್ಟಿನ ಅಡಿಯಲ್ಲಿ ಸುಖವಾಯಿತು, ಅದಕ್ಕೆ ಇನ್ನೂ ಸಿಟ್ಟು ಬಂತು.

"ಮಗು ಕಳೆದುಹೋಗಿತ್ತು ಕಣ್ರೀ. ಈಗ ಸರಸ ಬೇಕಾ?"

"ಸರಸ ಅಲ್ಲ. ತಪ್ಪಾಯ್ತು ಅಂತ ಹೇಳ್ತಿದ್ದೀನಿ. ಇವತ್ತಿಂದಕ್ಕೆ ಮಾತ್ರ ಅಲ್ಲ. ಇವರ ತಾಯಿಗೆ ಇವರ ಹಾಡು ಕೇಳೋಕೆ ಬಿಡಲಿಲ್ಲ ನಾನು. ಹನ್ನೆರಡು ನಿಮಿಷಕ್ಕೆ. ನಿಯಮ ಅಂದೆ. ಅದು ನಿಯಮ ಅಲ್ಲ, ಕೊಬ್ಬು."

ಎರಡು ವರ್ಷ ಕಾದ ಮಾತು ಬಂದಾಗ ಗೆದ್ದೆನೆಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾನೂ ಎದ್ದು ನಿಂತೆ.

"ಪಟ್ಟಿ ನನ್ನ ಕೈಲಿತ್ತು. ಇವರು ಎಡವಲಿ ಅಂತ ಸುಮ್ನೆ ಕೂತೆ. ಗುಬ್ಬಚ್ಚಿ, ನನ್ನದೂ ತಪ್ಪು ಪುಟ್ಟಾ."

"ಪರವಾಗಿಲ್ಲ ಅಕ್ಕ," ಎಂದಳು ಅವಳು. "ಈಗ ಹೊರಡೋಣ್ವಾ? ಹಸಿವು."

ಚರ್ಚಿನ ಅಂಗಳದಲ್ಲಿ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಕರೆದುಕೊಂಡು ಹೋದರು. ಗುಬ್ಬಚ್ಚಿಯ ತಾಯಿಯ ಬೈಗುಳವನ್ನು ಇಬ್ಬರೂ ಅಕ್ಕಪಕ್ಕ ನಿಂತು ಸಮಪಾಲು ತಿಂದೆವು. ಕೊನೆಗೆ ನಾವಿಬ್ಬರೇ ಉಳಿದೆವು. ಇನ್ನೂ ಬೆಳಕಿತ್ತು.

"ಈ ಮಾತನ್ನ ಅಮ್ಮ ಇದ್ದಾಗ ಹೇಳ್ಬೇಕಿತ್ತು," ಎಂದೆ.

"ಹೇಳಿದ್ದೆ."

ತಿರುಗಿ ನೋಡಿದೆ.

"ನೀವು ಡ್ಯೂಟೀಲಿದ್ದಾಗ ನಿಮ್ಮ ಮನೆಗೆ ಬಂದಿದ್ದೆ. ಅವರ ಹಾಸಿಗೆ ಪಕ್ಕ ಕೂತು ತಪ್ಪಾಯ್ತು ಅಂದೆ. 'ನನಗೆ ಹೇಳಿ ಏನು ಬಂತಪ್ಪಾ, ಅವಳಿಗೆ ಹೇಳು' ಅಂದ್ರು."

"ಎರಡು ವರ್ಷ!" ನನ್ನ ದನಿ ಅಂಗಳವೆಲ್ಲ ಕೇಳಿತು. "ಎರಡು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ ನೀನು?"

'ನೀನು' ಎಂದದ್ದು ಹೊರಬಿದ್ದ ಮೇಲೆ ಗೊತ್ತಾಯಿತು. ಅವನಿಗೂ ಗೊತ್ತಾಯಿತು. ಈ ಸಲ ತುಟಿ ಕಚ್ಚಿಕೊಳ್ಳಲಿಲ್ಲ, ನಗಲೂ ಇಲ್ಲ.

"ಹೆದರಿಕೆ," ಎಂದ. "ನೀನು ಕ್ಷಮಿಸಲ್ಲ ಅಂದ್ಬಿಟ್ರೆ ಆಮೇಲೆ ಕಾಯೋಕೆ ಏನೂ ಉಳಿಯಲ್ವಲ್ಲ."

"ಅಮ್ಮ ಇನ್ನೇನಂದ್ಲು?"

"'ಅವಳು ಒಂದೇ ಸಲಕ್ಕೆ ಕ್ಷಮಿಸೋಳಲ್ಲ. ನೀನು ಅವಳನ್ನ ನೋಡೋಕೆ ಬರ್ತಾನೇ ಇರು' ಅಂದ್ರು. ನಾನು ಒಂದು ಸಲಾನೂ ಬರಲಿಲ್ಲ."

ಅಮ್ಮ ನನ್ನನ್ನು ಎಷ್ಟು ಸರಿಯಾಗಿ ಬಲ್ಲಳು! ಅವನ ಮುಂದೆ ಅಳುವುದಿಲ್ಲ ಎಂದು ಶಪಥ ಮಾಡಿದ್ದವಳು ಅತ್ತುಬಿಟ್ಟೆ. ಅವನು ಹತ್ತಿರ ಬಂದ, ಮುಟ್ಟಲಿಲ್ಲ.

"ನಾಳೆ ಮನೆಗೆ ಬಾ," ಎಂದೆ ಮೂಗೊರೆಸಿಕೊಂಡು. "ನಾಳೆ ಕ್ಷಮಿಸಲ್ಲ. ನಾಡಿದ್ದೂ ಇಲ್ಲ. ಆದ್ರೂ ಬಾ."

"ಬರ್ತೀನಿ," ಎಂದ.