ಬುನ್‌ಪೆಂಗ್ ದೊಡ್ಡಮ್ಮನ ಪ್ರಶ್ನೆಗಳು

“ಪಿಕುನ್, ನನ್ನ ಸಾಕ್ಸ್ ಕೊಡು,” ಎಂದ ಅಪ್ಪ.

ಶನಿವಾರದ ಬಿಸಿಲಿಗೆ ತಗಡಿನ ಮಾಡು ಚಟಚಟ ಎನ್ನುತ್ತಿತ್ತು. ಇಂಥ ಸೆಕೆಯಲ್ಲಿ ಸಾಕ್ಸ್ ಹಾಕಿಕೊಳ್ಳುವವರು ಆ ಊರಲ್ಲಿ ಅಪ್ಪನೊಬ್ಬನೇ ಇರಬೇಕು. ಯಾಕೆಂದು ಪಿಕುನ್‌ಗೆ ಗೊತ್ತಿತ್ತು. ಅಪ್ಪನ ಕಾಲು ಬಾತುಕೊಂಡಿತ್ತು. ಅದು ಇವತ್ತು ತಿಂಗಳ ತಪಾಸಣೆಗೆ ಬರಲಿದ್ದ ಬುನ್‌ಪೆಂಗ್ ದೊಡ್ಡಮ್ಮನ ಕಣ್ಣಿಗೆ ಬೀಳಬಾರದಿತ್ತು.

ಕಿಡ್ನಿ ಕೈಕೊಟ್ಟ ಮೇಲೆ ಅಪ್ಪನ ಹೊಟ್ಟೆಗೆ ಸಣ್ಣ ಕೊಳವೆ ಹಾಕಿದ್ದರು. ದಿನಕ್ಕೆ ನಾಲ್ಕು ಸಲ ಅದರಿಂದ ಹಳೆಯ ನೀರು ತೆಗೆದು, ಬ್ಯಾಗಿನ ಹೊಸ ಔಷಧಿ ನೀರು ಒಳಗೆ ಬಿಡಬೇಕು. ಅಮ್ಮ ದೂರದ ಮೀನಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು, ಥಾಯ್ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬಕ್ಕಷ್ಟೇ ಬರುತ್ತಿದ್ದಳು. ಬೆಳಗಿನ ಜಾವದ ಬ್ಯಾಗ್ ಹಾಕುವುದು ಪಿಕುನ್‌ಳ ಕೆಲಸ. ಹಾಗಾಗಿ ಕ್ಲಾಸಿನಲ್ಲಿ ತೂಕಡಿಸಿ ಟೀಚರ್ ಹತ್ತಿರ ಬೈಸಿಕೊಳ್ಳುವುದೂ ಅವಳದೇ ಪಾಲು.

ಬ್ಯಾಗುಗಳ ರಟ್ಟಿನ ಪೆಟ್ಟಿಗೆಗಳು ತಿಂಗಳಿಗೊಮ್ಮೆ ಬರುತ್ತಿದ್ದವು. ತಿಂಗಳ ಕೊನೆಗೆ ಆ ರಾಶಿ ಅವಳ ಮೊಣಕಾಲಿಗೆ ಇಳಿಯಬೇಕು. ಈ ಸಲ ಕಿಟಕಿಯವರೆಗೂ ಹಾಗೇ ನಿಂತಿತ್ತು. ತಾನು ಸ್ಕೂಲಿಗೆ ಹೋದಾಗ ಅಪ್ಪ ಬ್ಯಾಗ್ ಹಾಕಿಕೊಳ್ಳುತ್ತಿಲ್ಲ ಎಂದು ಅವಳಿಗೆ ತಿಳಿದದ್ದು ಹಾಗೆ.

ಬುಧವಾರ ಕೇಳಿದ್ದಳು. ಅಪ್ಪ ಬೈಯಲಿಲ್ಲ. “ಇವತ್ತು ಹಾಕ್ಕೊಂಡ್ರೆ ನಾಳೆ ಮತ್ತೆ ಹಾಕ್ಕೋಬೇಕು ಮಗಾ. ಮುಗಿಯೋದೇ ಇಲ್ವಲ್ಲ ಇದು,” ಎಂದಷ್ಟೇ ಹೇಳಿದ. ಬ್ಯಾಗ್ ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಉಸಿರಿಗೇ ಕಷ್ಟ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದರು. ಶನಿವಾರ ದೊಡ್ಡಮ್ಮ ಬಂದಾಗ ಎಲ್ಲ ಹೇಳಿಬಿಡಬೇಕು ಎಂದು ಅವಳು ಗಟ್ಟಿ ಮಾಡಿಕೊಂಡಳು.

ಬುನ್‌ಪೆಂಗ್ ದೊಡ್ಡಮ್ಮ ಊರಿನ ಆರೋಗ್ಯ ಕಾರ್ಯಕರ್ತೆ. ಹಳೇ ಬೈಕು ನಿಲ್ಲಿಸಿ, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಾ ಒಳಗೆ ಬಂದರು. ಇದು ಒಂಬತ್ತನೇ ಮನೆಯಂತೆ, ಇನ್ನೂ ನಾಲ್ಕು ಬಾಕಿಯಂತೆ, ಅವರ ಮಂಡಿಯೂ ಮುಷ್ಕರ ಹೂಡಿದೆಯಂತೆ. ಪಿಕುನ್ ತಣ್ಣೀರು ಕೊಟ್ಟಳು. ದೊಡ್ಡಮ್ಮ ಫಾರಂ ತೆಗೆದು ಒಂದೊಂದೇ ಪ್ರಶ್ನೆ ಓದಿದರು. ಮನಸ್ಸಿಗೆ ಬೇಜಾರಾಗುತ್ತಾ? ನಿದ್ದೆ ಕೆಡುತ್ತಾ? ಇನ್ನು ಸಾಕು ಅನ್ನಿಸುತ್ತಾ?

“ಇಲ್ಲಕ್ಕ,” ಎಂದ ಅಪ್ಪ ಪ್ರತಿಯೊಂದಕ್ಕೂ, ನಗುತ್ತಾ. “ಬ್ಯಾಗೂ ಅಷ್ಟೇ, ನಾಲ್ಕೂ ಹೊತ್ತು ಹಾಕ್ಕೋತೀನಿ.”

ಪಿಕುನ್‌ಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದೊಡ್ಡವನಾಗಿ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ! ಕಿಟಕಿಯ ಹತ್ತಿರದ ರಾಶಿ ತೋರಿಸಿದರೆ ಸಾಕು, ಎಲ್ಲ ಬಯಲಾಗುತ್ತದೆ.

ಆಗ ದೊಡ್ಡಮ್ಮ ಹಾಳೆ ತಿರುಗಿಸಿದರು. ಕೊನೆಯ ಪ್ರಶ್ನೆ ರೋಗಿಯನ್ನು ನೋಡಿಕೊಳ್ಳುವವರಿಗೆ.

“ನಿನ್ ಕಥೆ ಏನೇ ಪುಟ್ಟಿ? ಸುಸ್ತಾಗುತ್ತಾ? ಅಳು ಬರುತ್ತಾ?”

ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಪಿಕುನ್ ದೊಡ್ಡಮ್ಮನ ಮುಖ ನೋಡಿದಳು. ಅವರ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಒಂದು ಕೈ ನೋಯುವ ಮಂಡಿಯನ್ನು ಒತ್ತುತ್ತಿತ್ತು. ಕಣ್ಣು ಮಾತ್ರ ಒಳ್ಳೆಯ ಉತ್ತರಕ್ಕಾಗಿ ಆಸೆಯಿಂದ ಕಾಯುತ್ತಿತ್ತು.

“ಇಲ್ಲ ದೊಡ್ಡಮ್ಮ, ಆರಾಮಾಗಿದ್ದೀನಿ,” ಎಂದಳು ಪಿಕುನ್. ನಕ್ಕಳು ಕೂಡ.

“ಈ ಊರಲ್ಲಿ ನಿಮ್ಮಷ್ಟು ಚೆನ್ನಾಗಿ ನಿಭಾಯಿಸೋರು ಯಾರೂ ಇಲ್ಲ ಕಣ್ರೋ,” ಎಂದು ದೊಡ್ಡಮ್ಮ ಖುಷಿಯಿಂದ ಟಿಕ್ ಹಾಕಿದರು. ಇಷ್ಟು ಚೆನ್ನಾಗಿರುವವರ ಮನೆಗೆ ತಿಂಗಳು ತಿಂಗಳೂ ಬರಬೇಕಾಗಿಲ್ಲವಂತೆ, ಇನ್ನು ಮೂರು ತಿಂಗಳಾದ ಮೇಲೆ ಬಂದರೆ ಸಾಕಂತೆ.

ಬೈಕಿನ ಸದ್ದು ಪಕ್ಕದ ಬೀದಿಗೆ ಹೋಯಿತು. ಅಪ್ಪ ಸಾಕ್ಸ್ ಕಳಚಿ ಪಕ್ಕಕ್ಕಿಟ್ಟ.

“ನೀನ್ಯಾಕೆ ಇಲ್ಲ ಅಂದೆ?” ಎಂದು ಕೇಳಿದ. “ನೀನು ಹೇಳ್ತೀಯ ಅಂದ್ಕೊಂಡಿದ್ದೆ.”

ಪಿಕುನ್ ಲೋಟ ಎತ್ತಿಕೊಂಡಳು.

“ಪಾಪ, ಅವರೇ ಸುಸ್ತಾಗಿದ್ರು ಅಪ್ಪ.”

ಅಪ್ಪ ನಿಧಾನಕ್ಕೆ ತಲೆಯಾಡಿಸಿದ. ಆ ಮಾತು ಅವನಿಗೆ ಹೊಸದಲ್ಲ ಎಂದು ಪಿಕುನ್‌ಗೆ ಆಗ ಗೊತ್ತಾಯಿತು. ಅವನೂ ಅದಕ್ಕೇ ಇಲ್ಲ ಎಂದಿದ್ದ, ಸಲೀಸಾಗಿ ಏನೂ ಹೇಳಿರಲಿಲ್ಲ. ಇನ್ನು ಮೂರು ತಿಂಗಳು ಅವರಿಬ್ಬರನ್ನು ಕೇಳಲು ಯಾರೂ ಬರುವುದಿಲ್ಲ.