ನೆಲಮಾಳಿಗೆಯ ಬ್ಲೂಬೆರಿ

ಸುಳ್ಳು ಹೇಳಿದ್ದು ನಾನೇ. ಬೆಂಕಿಯೊಡೆಯನಿಗೆ ಎಲ್ಲವೂ ಕೇಳಿಸುತ್ತದೆ ಎಂದು ಅಜ್ಜಿ ಕಲಿಸಿದ್ದರೂ ಅವನ ಒಲೆಯ ಮುಂದೆಯೇ ನಿಂತು ಹೇಳಿದೆ.

ಚಳಿಗಾಲದ ಕುಡಿಯುವ ನೀರಿಗೆಂದು ಕೆರೆಯ ಮಂಜುಗಡ್ಡೆ ಕೊಯ್ಯುವ ದಿನ. ವಿಲ್ಯುಯ್ ನದಿಯಾಚೆಯಿಂದ ಕೈನೆರವಿಗೆ ಬಂದಿದ್ದ ಎರ್ಚಿಮ್ ನಮ್ಮ ಮನೆಗೆ ಚಹಾಕ್ಕೆ ಬಂದ. ಲೋಟ ಚಾಚಿದೆ. ಅವನ ಕಣ್ಣು ನನ್ನ ತುಟಿಯ ಮೇಲೆ ನಿಂತಿತು.

"ಏನು ಕುನ್ನೆಯ್, ತುಟಿ ಹೀಗೆ ನೀಲಿಗಟ್ಟಿದೆ? ಚಳಿನಾ?"

"ಬ್ಲೂಬೆರಿ ತಿಂದೆ," ಎಂದು ಉಗುರುಗಳನ್ನು ಶಾಲಿನೊಳಗೆ ಬಚ್ಚಿಟ್ಟೆ. ಅವೂ ಅದೇ ಬಣ್ಣ.

"ಒಬ್ಳೇ? ಹೊಟ್ಟೆಬಾಕಿ!"

ಮುಂದಿನ ಭಾನುವಾರ ಒಂದು ಬಕೆಟ್ ಹಣ್ಣು ಹೊತ್ತು ತಂದ. "ಬೇಸಿಗೇಲಿ ಅಮ್ಮ ಕಾಡಲ್ಲಿ ಆರಿಸಿಟ್ಟಿದ್ದು. ನಿನಗೇ."

ಆಮೇಲೆ ಪ್ರತಿ ಭಾನುವಾರವೂ. ನನ್ನ ತುಟಿ ನೋಡಿ ಹಿಗ್ಗುತ್ತಿದ್ದ: "ಚೆನ್ನಾಗಿ ತಿಂತಿದ್ದೀಯ!" ನನಗೋ ಆ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ. ಬಕೆಟ್‌ಗಳೆಲ್ಲ ನೆಲಮಾಳಿಗೆ ಸೇರಿದವು. ಹಲಗೆ ಮುಚ್ಚುವಾಗಲೆಲ್ಲ ಮುಖ ಸುಡುತ್ತಿತ್ತು.

"ಬರೋ ಭಾನುವಾರ ಅಮ್ಮನ್ನ ಕರ್ಕೊಂಡ್ ಬರ್ತೀನಿ, ಹೆಣ್ಣು ಕೇಳೋಕೆ," ಎಂದ ಒಮ್ಮೆ.

ತುಟಿಯ ನಿಜ ಅವನಮ್ಮನೆದುರು ಬಯಲಾಗುತ್ತದೆಂದು ಹೆದರಿ ನಾನು ಊರಿನ ನರ್ಸು ಅಕುಲಿನಾ ಅತ್ತೆಯ ಬಳಿ ಓಡಿದೆ. ಅವರು ಕಾಗದದ ಮೇಲೆ ನನ್ನದೊಂದು ಹನಿ ರಕ್ತ ಇಟ್ಟು, ಪಕ್ಕದಲ್ಲಿ ತಮ್ಮದೂ ಒಂದು ಹನಿ ಇಟ್ಟರು. ಅವರದು ಕೆಂಪಾಗಿ ಹೊಳೆಯಿತು. ನನ್ನದು ಚಾಕೊಲೇಟಿನಂತೆ ಕಂದಾಗಿಯೇ ಉಳಿಯಿತು.

"ನಿನ್ನ ರಕ್ತದ ಕಬ್ಬಿಣ ತುಕ್ಕು ಹಿಡಿದ ಹಾಗಾಗಿದೆ ಕಣೆ. ಉಸಿರಲ್ಲಿ ಬಂದ ಆಮ್ಲಜನಕಾನ ಅದು ಹೊರೋದಿಲ್ಲ. ಅದಕ್ಕೇ ನಾಲ್ಕು ಹೆಜ್ಜೆಗೆ ಏದುಸಿರು. ನಮ್ಮ ಸಖಾ ಬುಡಕಟ್ಟಲ್ಲಿ ಎಷ್ಟೋ ಮನೇಲಿದೆ. ದೇವರು ಕೊಟ್ಟ ಮೈ, ನಾಚಿಕೆ ಯಾಕೆ?"

"ತುಟಿ ಕೆಂಪಾಗುತ್ತಾ ಅತ್ತೆ?"

"ಈ ನೀಲಿ ಮದ್ದು ಚುಚ್ಚಿದ್ರೆ ಆಗುತ್ತೆ. ಆದ್ರೆ ಕೆಲವೇ ದಿನ. ಉಚ್ಚೆ ನೀಲಿ ಆಯ್ತು ಅಂತ ಕೂಗ್ಕೊಂಡು ಬರಬೇಡ ಮತ್ತೆ!"

ಶನಿವಾರ ಚುಚ್ಚಿಸಿಕೊಂಡೆ. ಚಹಾ ಆರುವಷ್ಟರಲ್ಲಿ ಕನ್ನಡಿಯಲ್ಲಿ ಯಾರದೋ ಕೆಂಪು ತುಟಿಗಳಿದ್ದವು.

ಭಾನುವಾರ ಎರ್ಚಿಮ್ ತಾಯಿಯನ್ನು ಕುದುರೆ ಕಟ್ಟುವ ಕಂಬದ ಬಳಿ ಅಜ್ಜಿಯ ಜೊತೆ ಮಾತಿಗೆ ಬಿಟ್ಟು ಒಳಗೆ ಬಂದ. ನನ್ನ ತುಟಿ ನೋಡಿದ. ಅವನ ಮುಖ ಬಾಡಿತು.

"ತಿನ್ನೋದು ಬಿಟ್ಟಿದ್ದೀಯ. ಬೇಡ ಅಂತ ಬಾಯಲ್ಲಿ ಹೇಳೋಕಾಗದೆ ಹೀಗೆ ತಿಳಿಸಿದ್ಯಾ? ಸರಿ. ಅಮ್ಮನ್ನ ವಾಪಸ್ ಕರ್ಕೊಂಡ್ ಹೋಗ್ತೀನಿ."

ಅವನ ತೋಳು ಹಿಡಿದೆಳೆದು ನೆಲದ ಹಲಗೆ ಎತ್ತಿದೆ. ಕೆಳಗೆ ಏಳು ಬಕೆಟ್. ಒಂದೂ ಮುಟ್ಟಿದ್ದಲ್ಲ.

"ಒಂದು ಹಣ್ಣೂ ತಿಂದಿಲ್ಲ. ಸುಳ್ಳು ಹೇಳ್ದೆ. ನನ್ನ ತುಟಿ ಹುಟ್ಟಿದಾಗಿಂದ ನೀಲಿನೇ. ಈ ಕೆಂಪು ಮದ್ದಿನದು, ನಾಲ್ಕು ದಿನಕ್ಕೆ ಹೋಗುತ್ತೆ."

ತಲೆ ಎತ್ತಲಾಗಲಿಲ್ಲ. ಅವನು ಬಗ್ಗಿ ಬಕೆಟ್‌ಗಳನ್ನು ಎಣಿಸಿದ.

"ಏಳು ಬಕೆಟ್ಟು!" ಎಂದ ಕೊನೆಗೆ. "ಇಷ್ಟು ಆರಿಸಿ ಅಮ್ಮನ ಸೊಂಟ ಬಿದ್ದುಹೋಗಿತ್ತು ಕಣೆ."

ಕೆಳಗಿಳಿದು ಒಂದು ಬಕೆಟ್ ಹೊತ್ತು ತಂದ. ಹಿರಿಯರಂತೆ ಮೊದಲ ಹಿಡಿಯನ್ನು ಒಲೆಗೆ ಅರ್ಪಿಸಿ, "ಬೆಂಕಿಯೊಡೆಯನಿಗೂ ತಪ್ಪಾಯ್ತು ಅನ್ನು," ಎಂದ. ಅಂದೆ. ಬೆಂಕಿ ಚಟಪಟ ಎಂದಿತು. ಆಮೇಲೆ ಅವನು ಹಿಡಿ ಹಿಡಿಯಾಗಿ ತಾನೇ ತಿನ್ನತೊಡಗಿದ. ತುಟಿ, ಹಲ್ಲು, ಗಲ್ಲ, ಎಲ್ಲ ನೀಲಿ.

ಹೊರಗೆ ಹೆಜ್ಜೆಯ ಸದ್ದು.

"ಅಯ್ಯೋ, ಒರೆಸ್ಕೋ! ನಿಮ್ಮಮ್ಮ ಬಂದ್ರು."

"ಬರಲಿ," ಎಂದ. "ನಿನ್ನದು ಮತ್ತೆ ನೀಲಿ ಆಗೋವರೆಗೂ ನನ್ನದು ಹೀಗೇ ಇರಲಿ."

ಬಾಗಿಲು ತೆರೆಯಿತು. ಅವನು ಒರೆಸಿಕೊಳ್ಳಲಿಲ್ಲ.