ಅವಧಿ ಮುಗಿದ ದನಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕಾಶೀಮಸಾಬ ನದಾಫರು ಹರಾಜಿನ ಸವಾಲು ಕೂಗಲು ನಿಂತರೆಂದರೆ, ಘಾಟಿಗೆ ಕೆಮ್ಮುತ್ತಿದ್ದವರೂ ಕೆಮ್ಮು ನುಂಗಿ ಕಿವಿಗೊಡುತ್ತಿದ್ದರು. ಪರದೆಯ ಮೇಲೆ ದರ ನೋಡಿ ನೋಡಿ ಬೇಸತ್ತ ರೈತರು ಹಠ ಹಿಡಿದು ಬಾಯಿಸವಾಲನ್ನು ಮರಳಿ ತಂದಿದ್ದ ಕಾಲ ಅದು. ಕೆಂಪು ರಾಶಿಗಳ ನಡುವೆ ಕಾಶೀಮಸಾಬರು ಕೈಯೆತ್ತಿ ಬಾಯಿ ಆಡಿಸುತ್ತಿದ್ದರು. ಮಾತು ಮಾತ್ರ ಅವರ ಎದೆಯ ಜೇಬಿನೊಳಗಿನ ಪುಟ್ಟ ಸ್ಪೀಕರಿನಿಂದ ಹೊರಡುತ್ತಿತ್ತು. ಕ್ಯಾನ್ಸರಿನಿಂದಾಗಿ ಅವರ ಧ್ವನಿಪೆಟ್ಟಿಗೆಯನ್ನು ವೈದ್ಯರು ತೆಗೆದುಹಾಕಿ ವರ್ಷಗಳಾಗಿದ್ದವು. ಕೊರಳಿಗೆ ಸುತ್ತಿದ ಎರಡು ಬೆರಳಗಲದ ಪಟ್ಟಿಯೇ ಅವರ ನಾಲಿಗೆ. ಜನ ಅದನ್ನು ದನಿಪಟ್ಟಿ ಎನ್ನುತ್ತಿದ್ದರು.

ದನಿಪಟ್ಟಿಯನ್ನು ಕಂಡುಹಿಡಿದವರು ಹಾವೇರಿಯ ಇಂದುಮತಿ ಹೊಂಬಾಳಿ. ಧ್ವನಿಪೆಟ್ಟಿಗೆ ಹೋದರೂ ಮಾತಾಡಬೇಕೆಂಬ ಮಿದುಳಿನ ಅಪ್ಪಣೆ ನಿಲ್ಲುವುದಿಲ್ಲ. ಅದು ನರಗಳಲ್ಲಿ ಇಳಿದು ಬಂದು ಕೊರಳಿನ ಸ್ನಾಯುಗಳನ್ನು ಸಣ್ಣಗೆ ಮಿಡಿಸುತ್ತಲೇ ಇರುತ್ತದೆ. ಆ ಮಿಡಿತವನ್ನು ಓದಿ ಮಾತಾಗಿಸುವುದೇ ಪಟ್ಟಿಯ ಕೆಲಸ. ತೊಡಕು ಒಂದೇ. ಗಾಯದ ಕಲೆ ಬಿಗಿಯುತ್ತ, ಸಡಿಲಾಗುತ್ತ ಇರುವುದರಿಂದ ಮಿಡಿತವೂ ಬದಲಾಗುತ್ತ ಹೋಗುತ್ತದೆ. ಆದ್ದರಿಂದ ಪಟ್ಟಿಗೆ ಆಗಾಗ ಹೊಸ ಪಾಠ ಹೇಳಿಕೊಡಬೇಕು. ಪಾಠ ತಪ್ಪಿದರೆ ಅದು ಮೊದಲು ತೊದಲುತ್ತದೆ, ಆಮೇಲೆ ಏನೇನೋ ನುಡಿಯುತ್ತದೆ.

ಇಂದುಮತಿ ಈ ಸಂಶೋಧನೆಯನ್ನು ಸರಕಾರದ ಅನುದಾನದಲ್ಲಿ, ಯಾರು ಬೇಕಾದರೂ ಬಳಸಲೆಂದು ಮಾಡಿದ್ದರು. ಪಟ್ಟಿಗಳನ್ನು ತಯಾರಿಸಿ ಹಂಚುವ ಹೊಣೆಯನ್ನು 'ವಾಕ್‌ಸಿರಿ' ಎಂಬ ಕಂಪನಿ ವಹಿಸಿಕೊಂಡಿತು. ಪಾಠ ಹೇಳುವ ಕೆಲಸವೂ ಕ್ರಮೇಣ ಕಂಪನಿಯ ಗಣಕಗಳ ಪಾಲಾಯಿತು. ಇಂದುಮತಿ ಹಾವೇರಿಯ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಿಕೆಗೆ ಸೇರಿಕೊಂಡರು. ರೇಡಿಯೋದಲ್ಲಿ ಎಲ್ಲಾದರೂ ದನಿಪಟ್ಟಿಯ ಮಾತು ಕೇಳಿಬಂದರೆ ಒಲೆ ಸಣ್ಣಗೆ ಮಾಡಿ ಕೇಳುತ್ತ ನಿಲ್ಲುತ್ತಿದ್ದರು. ಅವರಿಗೆ ಅಷ್ಟೇ ಸಾಕಾಗಿತ್ತು.

ಆ ವರ್ಷ ಸುಗ್ಗಿಯ ಹೊತ್ತಿಗೆ ಪಟ್ಟಿ ತೊಟ್ಟವರಿಗೆಲ್ಲ ಒಂದು ಸಂದೇಶ ಬಂತು. "ನಿಮ್ಮ ಮಾದರಿಯ ಬೆಂಬಲ ಅವಧಿ ಮುಗಿದಿದೆ. ಹೊಸ ಮಾದರಿಗೆ ಬದಲಾಯಿಸಿಕೊಳ್ಳಿ." ಕಾಶೀಮಸಾಬರಿಗೆ ಅದರ ತಲೆಬುಡ ತಿಳಿಯಲಿಲ್ಲ. ಪಟ್ಟಿ ಚೆನ್ನಾಗಿಯೇ ಮಾತಾಡುತ್ತಿತ್ತು, ಸುಮ್ಮನಾದರು. ವಾರಗಳು ಉರುಳಿದಂತೆ ಅದು ತೊದಲತೊಡಗಿತು. ಒಂದು ಸೋಮವಾರ ಡಬ್ಬಿ ತಳಿಯ ಮೆಣಸಿನಕಾಯಿಯ ಒಳ್ಳೆಯ ರಾಶಿಯೊಂದಕ್ಕೆ ಅವರು ಕೂಗಿದ ದರ ಒಂದು, ಪಟ್ಟಿ ಹೊರಡಿಸಿದ ದರ ಇನ್ನೊಂದು. ಅದೂ ಬಹಳ ಕಡಿಮೆ. ಖರೀದಿದಾರ ಪಟ್ಟಿ ನುಡಿದ ದರಕ್ಕೇ ಪಟ್ಟು ಹಿಡಿದ. ಕಾಶೀಮಸಾಬರು ಕೈ ಬಡಿದು, ತಲೆಯಾಡಿಸಿ, ಅಲ್ಲ ಅಲ್ಲ ಎಂದರು. ಪಟ್ಟಿ "ಹೌದು ಹೌದು" ಎಂದಿತು.

ರಾಶಿಯ ಒಡೆಯ ಓಡಿ ಬಂದು ಅವರ ಕೊರಳಪಟ್ಟಿಗೇ ಕೈ ಹಾಕಿದ. "ದಲಾಲ್ರ ಕೂಡ ಸೇರಿ ನನ್ನ ಮಾಲು ಮಣ್ಣಪಾಲು ಮಾಡಿದೆಲ್ಲೋ!" ಎಂದು ಪೇಟೆಗೆ ಕೇಳುವಂತೆ ಕೂಗಿದ. ಜೀವಮಾನವೆಲ್ಲ ಸವಾಲಿನ ನ್ಯಾಯಕ್ಕೆ ಹೆಸರಾದ ಮನುಷ್ಯ ಒಂದು ಮಾತೂ ಆಡಲಾರದೆ ನಿಂತಿದ್ದರು. ಅಂದು ಮನೆಗೆ ಹೋದವರು ಮತ್ತೆ ಪೇಟೆಯ ಕಡೆ ತಲೆ ಹಾಕಲಿಲ್ಲ.

ಅವರ ಮಗಳು ದಿಲ್‌ಶಾದ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ತಂದೆಯನ್ನು ಕರೆದುಕೊಂಡು ಅವಳು ನೇರವಾಗಿ ಇಂದುಮತಿಯ ಮನೆ ಹುಡುಕಿಕೊಂಡು ಬಂದಳು.

"ಮೇಡಮ್ಮರ, ಇದನ್ನ ಮಾಡಿದವರು ನೀವಂತ. ಹೊಸಾದು ಹಾಕ್ಸೋಣಂದ್ರ ಅದನ್ನ ಕುತ್ತಿಗಿ ಒಳಗ ಕೂಡಸ್ತಾರಂತ, ಮತ್ತೊಂದು ಆಪರೇಷನ್ ಬೇಕಂತ. ಅಪ್ಪನ ಮೈಯಾಗ ಅಷ್ಟು ಶಕ್ತಿ ಇಲ್ರೀ. ಪಟ್ಟಿ ಕೆಟ್ಟಿಲ್ಲ, ಏನೂ ಆಗಿಲ್ಲ. ಪಾಠ ಯಾಕ ನಿಲ್ಲಿಸ್ಯಾರ?"

ಕಾಶೀಮಸಾಬರು ಏನೋ ಹೇಳಲು ಬಾಯಿ ತೆರೆದರು. ಜೇಬಿನಿಂದ ಅರ್ಥವಿಲ್ಲದ ನಾಲ್ಕು ಶಬ್ದಗಳು ಉದುರಿದವು. ನಾಚಿಕೆಯಿಂದ ಅವರು ಅಂಗೈಯಲ್ಲಿ ಸ್ಪೀಕರನ್ನು ಮುಚ್ಚಿಕೊಂಡರು. ಅದನ್ನು ನೋಡಿ ಇಂದುಮತಿಗೆ ಅಡಿಯಿಂದ ಮುಡಿಯವರೆಗೆ ಬೆಂಕಿ ಹತ್ತಿದಂತಾಯಿತು.

ಮರುದಿನವೇ ಅವರು ಹುಬ್ಬಳ್ಳಿಯ ವಾಕ್‌ಸಿರಿ ಕಚೇರಿಯಲ್ಲಿದ್ದರು. ಅಲ್ಲಿನ ಅಧಿಕಾರಿ ಪ್ರಣೀತ ಎಂಬ ನಯವಾದ ಮನುಷ್ಯ, ಚಹಾ ತರಿಸಿದ.

"ಮೇಡಂ, ನಿಮ್ಮ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಹಳೆಯ ಮಾದರಿಯ ಬೆಂಬಲ ಅವಧಿ ಮುಗಿದಿದೆ."

"ಯಾವುದರ ಅವಧಿ? ಪಟ್ಟೀದೋ, ಅದನ್ನ ಹಾಕ್ಕೊಂಡ ಮನುಷ್ಯಂದೋ?"

"ಹಾಗಲ್ಲ. ಹಳೆಯ ಗಣಕಗಳನ್ನು ನಡೆಸುವುದು ಕಂಪನಿಗೆ ಹೊರೆ…"

"ನಿಮಗ ಹೊರಿ ಆದ್ರ ಕೆಳಗಿಡ್ರಿ, ನಾವು ಹೊರ್ತೀವಿ. ಪಾಠ ತಯಾರ ಮಾಡೋ ತಂತ್ರಾಂಶ ನಂದು. ಮರಳಿ ಕೊಡ್ರಿ."

"ಅದು ಈಗ ಕಂಪನಿಯ ಸ್ವತ್ತು, ಮೇಡಂ."

ಇಂದುಮತಿ ಚಹಾ ಮುಟ್ಟದೆ ಎದ್ದರು. "ಬಾವಿ ತೋಡಿದವರು ಊರಮಂದಿ, ಹಗ್ಗ ಮಾತ್ರ ನಿಮ್ಮದು. ಹಗ್ಗ ಎಳಕೊಂಡು ಹೋಗಿ ಬಾವೀನ ನಮ್ಮದು ಅಂತೀರಲ್ಲ!" ಎಂದು ಬಾಗಿಲು ದಾಟಿದರು.

ಬಸ್ಸಿನಲ್ಲಿ ಬರುವಾಗ ಅವರಿಗೆ ತಮ್ಮ ಹಳೆಯ ಗಣಕದ ನೆನಪಾಯಿತು. ಮೊದಲ ಪಟ್ಟಿಗಳಿಗೆ ಪಾಠ ಕಲಿಸಿದ್ದ ಆ ಯಂತ್ರ ಪಾಲಿಟೆಕ್ನಿಕ್ಕಿನ ಉಗ್ರಾಣದಲ್ಲಿ, ಮುರಿದ ಸ್ಟೂಲುಗಳ ಕೆಳಗೆ ಬಿದ್ದಿತ್ತು. ಅದನ್ನು ಯಾರೂ ಚಾಲು ಮಾಡದೆ ಹತ್ತೊಂಬತ್ತು ವರ್ಷವಾಗಿತ್ತು. ಅದರಲ್ಲಿದ್ದದ್ದು ಲಿನಕ್ಸ್; ಲೋಕದ ಮೂಲೆಮೂಲೆಯ ಜನ ಸೇರಿ ಕಟ್ಟಿದ, ಯಾರೊಬ್ಬರ ಸ್ವತ್ತೂ ಅಲ್ಲದ, ಗಣಕ ನಡೆಸುವ ಕಾರ್ಯವ್ಯವಸ್ಥೆ.

ದಿಲ್‌ಶಾದ ಡ್ಯೂಟಿ ಮುಗಿಸಿ ಬಂದಳು. ಇಬ್ಬರೂ ಸೇರಿ ಧೂಳು ಝಾಡಿಸಿ ಗುಂಡಿ ಒತ್ತಿದರು. ಫ್ಯಾನು ಕೀರಲಿಟ್ಟಿತು, ಪರದೆ ಬೆಳಗಿತು. ಇಂದುಮತಿ ಮೊದಲು ಮಾಡಿದ ಕೆಲಸವೆಂದರೆ ಇಡೀ ಡಿಸ್ಕಿನ ನಕಲು ತೆಗೆದದ್ದು. "ಅಜ್ಜಿ ಎದ್ದು ಕುಂತಾಳ ಅಂತ ತಕ್ಷಣ ಕುಣಿಸಬಾರದು" ಎಂದರು.

ಪಾಠ ತಯಾರಿಸುವ ತಂತ್ರಾಂಶ ಅಲ್ಲಿ ಇತ್ತು. ಆದರೆ ಈಗಿನ ಪಟ್ಟಿಗಳು ನಿಸ್ತಂತುವಾಗಿ ಆಡುವ ಭಾಷೆ ಈ ಯಂತ್ರಕ್ಕೆ ತಿಳಿಯದು. ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಒಯ್ದು ನೋಡಿದರು. ಅದರ ಕೈಕೆಳಗಿನ ನೂರಾರು ಸಹಾಯಕ ತಂತ್ರಾಂಶಗಳಿಲ್ಲದೆ ಅದು ಕಣ್ಣೇ ಬಿಡಲಿಲ್ಲ. ಉಳಿದದ್ದು ಒಂದೇ ದಾರಿ: ಹಳೆಯ ಯಂತ್ರವನ್ನೇ ಇಂದಿನವರೆಗೆ ನಡೆಸಿಕೊಂಡು ಬರುವುದು. ಲಿನಕ್ಸಿನಲ್ಲಿ ಹೊಸ ತಂತ್ರಾಂಶಗಳು ಬರುವುದು ಅಂತರ್ಜಾಲದ ಭಂಡಾರಗಳಿಂದ. ಯಾವ ಭಂಡಾರ ಎಲ್ಲಿದೆ ಎಂಬ ವಿಳಾಸ ಯಂತ್ರದಲ್ಲೇ ಬರೆದಿರುತ್ತದೆ. ಇಂದುಮತಿ ತಾಜಾಮಾಡುವ ಆಜ್ಞೆ ಕೊಟ್ಟರು. ಪರದೆಯ ತುಂಬ ಒಂದೇ ಉತ್ತರ: ಸಿಗಲಿಲ್ಲ, ಸಿಗಲಿಲ್ಲ, ಸಿಗಲಿಲ್ಲ.

"ಹಳೇ ಓಣೀಗೆ ಹೋಗಿ ಬಾಗ್ಲಾ ಬಡ್ಯಾಕತ್ತೈತಿ. ಅಲ್ಲಿ ಈಗ ಯಾರೂ ಇಲ್ಲ," ಎಂದರು ಇಂದುಮತಿ.

"ಮತ್ತ ಎಲ್ಲಿ ಹೋದ್ರು?"

ಊರು ಬಿಟ್ಟಿರಲಿಲ್ಲ, ಓಣಿ ಬದಲಿಸಿದ್ದರು. ಬಳಕೆ ತಪ್ಪಿದ ಆವೃತ್ತಿಗಳನ್ನೂ ಅಳಿಸದೆ ಹಳೆಯ ಭಂಡಾರವೆಂದು ಬೇರೆ ವಿಳಾಸದಲ್ಲಿ ಕಾಪಾಡಿದ್ದರು. ಸಂಬಳವಿಲ್ಲದ, ಹೆಸರೂ ಕಾಣದ ಜನ, ಯಾವತ್ತೋ ಯಾರಿಗೋ ಬೇಕಾದೀತೆಂದು ಇಟ್ಟಿದ್ದರು. ಇಂದುಮತಿ ವಿಳಾಸ ತಿದ್ದಿದರು. ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು, ತಟಕ್ಕನೆ ನಿಂತವು. ಭಂಡಾರದ ಸರಕು ಅಸಲಿಯೇ ಎಂದು ಹೇಳುವ ಗಣಕಸಹಿಯ ಅವಧಿ ಮುಗಿದಿತ್ತು. ಯಂತ್ರ ಒಪ್ಪಲಿಲ್ಲ.

"ತಪಾಸಣಿ ಬಿಟ್ಟು ಹಾಕ್ಕೋ ಅಂತ ಹೇಳಾಕ ಬರೂದಿಲ್ಲೇನ್ರಿ?" ದಿಲ್‌ಶಾದಳಿಗೆ ತಾಳ್ಮೆ ಮೀರಿತ್ತು.

"ಬರ್ತೈತಿ. ನೀ ಸೀಲು ಒಡದ ಔಷಧ ಪೇಷಂಟಿಗೆ ಚುಚ್ಚತಿಯೇನು?"

ಇಂದುಮತಿ ಸಹಿ ಪರೀಕ್ಷಿಸುವ ಹೊಸ ಗಣಕಕೀಲಿಯನ್ನು ತರಿಸಿ, ಅದು ನಿಜವೆಂದು ಎರಡು ಕಡೆ ತಾಳೆ ನೋಡಿ, ಆಮೇಲೆ ಮುಂದುವರಿದರು. ಒಂದೇ ನೆಗೆತಕ್ಕೆ ಇಂದಿಗೆ ಬರಲಾಗದು. ಒಂದು ಆವೃತ್ತಿಯಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಮೆಟ್ಟಿಲು ಹತ್ತಬೇಕು. ನಡುವೆ ಒಂದು ಮೆಟ್ಟಿಲಲ್ಲಿ ಅರ್ಧ ಹಳತು ಅರ್ಧ ಹೊಸತಾಗಿ ಯಂತ್ರ ಸೆಟೆದು ನಿಂತಿತು. ಎರಡು ದಿನ ಅದರೊಡನೆ ಗುದ್ದಾಡಿ, ನಕಲಿನಿಂದ ಮತ್ತೆ ಮೊದಲು ಮಾಡಿದರು. ಪ್ರತಿ ಸಲ ಯಂತ್ರ ತಡವರಿಸಿದಾಗಲೂ ಇಂದುಮತಿಗೆ ಸಿಟ್ಟು ಬರುತ್ತಿದ್ದುದು ಅದರ ಮೇಲಲ್ಲ. ಪುಕ್ಕಟೆ ಕೆಲಸ ಮಾಡಿದವರು ಇಷ್ಟು ಕಾಲ ಕಾಯ್ದಿಟ್ಟದ್ದನ್ನು, ಕಾಸು ಎಣಿಸಿಕೊಂಡವರು ಒಂದು ಸಾಲಿನ ಸಂದೇಶದಲ್ಲಿ ಕೊಂದುಹಾಕಿದ್ದರಲ್ಲ!

ಕೊನೆಗೆ ಯಂತ್ರ ಕಾಶೀಮಸಾಬರ ಪಟ್ಟಿಯನ್ನು ಗುರುತಿಸಿತು. ಅವರು ಕುರ್ಚಿಯಲ್ಲಿ ಕೂತು, ಇಂದುಮತಿ ತೋರಿಸಿದ ಮಾತುಗಳನ್ನು ಒಂದೊಂದಾಗಿ ಬಾಯಲ್ಲಿ ಆಡಿಸಿದರು. ಹೊಸ ಪಾಠ ಸಿದ್ಧವಾಗಿ ಪಟ್ಟಿಗೆ ಇಳಿಯಿತು. ಇಂದುಮತಿ "ಈಗ ಮಾತಾಡ್ರಿ" ಎಂದರು.

ಕಾಶೀಮಸಾಬರು ಎದ್ದು ನಿಂತು ಬಾಯಿ ತೆರೆದರು. ಸ್ಪೀಕರಿನಿಂದ ಸ್ವಚ್ಛವಾದ ಗಟ್ಟಿದನಿ ಹೊರಟಿತು.

"ನಾ ಮೋಸ ಮಾಡಿಲ್ರೀ."

ದಿಲ್‌ಶಾದ ಗೋಡೆಯ ಕಡೆ ತಿರುಗಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

ಸುದ್ದಿ ಹಬ್ಬಿತು. ಗದಗ, ರಾಣೆಬೆನ್ನೂರು, ಶಿರಸಿ ಕಡೆಗಳಿಂದ ದನಿ ಹೋದವರು ಬಂದರು. ಅನೇಕರು ಮಾತಾಡುತ್ತ ಮರಳಿದರು. ಆದರೆ ಲಕ್ಷ್ಮೇಶ್ವರದಿಂದ ಬಂದ ಹೊಳೆಯವ್ವ ಎಂಬಾಕೆಯ ಪಟ್ಟಿ ಪಾಠವನ್ನು ಮುಟ್ಟಲೇ ಇಲ್ಲ. ಅದು ಕಂಪನಿ ಆಮೇಲೆ ತಂದ ಮಾದರಿ. ಅದರ ಬೆಂಬಲವನ್ನೂ ನಿಲ್ಲಿಸಿದ್ದರು. ಒಳಗಿದ್ದದ್ದು ಅದೇ ಲಿನಕ್ಸ್, ಅದೇ ತಂತ್ರಾಂಶ. ಆದರೆ ಕಂಪನಿಯ ಸಹಿಯಿಲ್ಲದ ಯಾವುದನ್ನೂ ಸೇರಿಸದಂತೆ ಬೀಗ ಹಾಕಿದ್ದರು. ಇಂದುಮತಿ ತಿಳಿದ ವಿದ್ಯೆಯನ್ನೆಲ್ಲ ಬಳಸಿದರು. ಬೀಗ ಬಿಚ್ಚಲಿಲ್ಲ. ಆಕೆ ಬಾಯಿ ಆಡಿಸುತ್ತ, ಎಲ್ಲರ ಮುಖ ನೋಡುತ್ತ ಕೂತಿದ್ದಳು. ಅಂಥವರು ಸಾವಿರಾರು ಜನರಿದ್ದರು.

ಇಂದುಮತಿ ಬಿಡಲಿಲ್ಲ. ಬೀಗಕ್ಕೆ ಹೊಣೆ ಯಾರೆಂದು ದೂರಿನ ಮೇಲೆ ದೂರು ಕೊಟ್ಟರು. ಕೊನೆಗೆ ಹಾವೇರಿಯಲ್ಲಿ ಸರಕಾರದ ಅಹವಾಲು ಸಭೆ ಕೂಡಿತು. ಪ್ರಣೀತ ಎದ್ದು ನಿಂತು ಹಾಳೆ ನೋಡದೆಯೇ ಒಪ್ಪವಾಗಿ ಮಾತಾಡಿದ.

"ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಇಂಥ ಬೀಗ ನಮ್ಮ ಕಂಪನಿ ಕಂಡುಹಿಡಿದದ್ದಲ್ಲ. ನಮ್ಮ ಅಜ್ಜಂದಿರ ಕಾಲದಿಂದಲೂ ಫೋನುಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಇದ್ದೇ ಇತ್ತು. ಗ್ರಾಹಕರು 'ಒಪ್ಪಿದೆ' ಎಂದು ಒತ್ತಿಯೇ ಬಳಸುತ್ತಿದ್ದರು. ಹೊಳೆಯವ್ವನವರೂ ಒತ್ತಿದ್ದಾರೆ."

ಅಧ್ಯಕ್ಷರು ಹೊಳೆಯವ್ವನ ಕಡೆ ನೋಡಿ, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಆಕೆ ಎದ್ದಳು. ತುಟಿಗಳು ಬಿರುಸಾಗಿ ಆಡಿದವು. ದನಿ ಹೊರಡಲಿಲ್ಲ. ಅಧ್ಯಕ್ಷರು ತಲೆ ತಗ್ಗಿಸಿದರು. ಆಗ ಹಿಂದಿನ ಸಾಲಿನಿಂದ ಕಾಶೀಮಸಾಬರು ಎದ್ದು ಆಕೆಯ ಪಕ್ಕಕ್ಕೆ ಬಂದರು. ದನಿಯಿಲ್ಲದ ಬಾಯನ್ನು ಓದುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಇನ್ನೊಮ್ಮೆ ಹೇಳ್ವಾ, ಸಾವಕಾಶ," ಎಂದರು. ಆಕೆ ಇನ್ನೊಮ್ಮೆ ಹೇಳಿದಳು.

ಕಾಶೀಮಸಾಬರು ಸಭೆಯ ಕಡೆ ತಿರುಗಿದರು. ಪೇಟೆಯಲ್ಲಿ ಕೂಗುತ್ತಿದ್ದ ಅದೇ ದನಿ.

"ಆಕಿ ಕೇಳಾಕತ್ತಾಳ್ರೀ: ಈ ಬೀಗ ಮೊದಲಿಗೆ ಹಾಕೋವಾಗ ಬ್ಯಾಡ ಅನ್ನೋರು ಯಾರೂ ಇರಲಿಲ್ಲೇನು? ಆವಾಗಿನ ಮಂದೀಗೆಲ್ಲಾ ದನಿ ಇತ್ತಲ್ಲ?"